ಎರಡನೆಯ ಕಾರ್ಡಿನ ಜಾಗ

ಮಾರ್ಚ್ 12, ಬುಧವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ, ಬೈದರೂ ಸರಿಯೇ. ಮಂಡಿನೋವು ಹೇಗಿದೆ? ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ನಮ್ಮವರ ಕಣ್ಣು ಹೋಗುತ್ತಿದೆ. ಕಣ್ಣಿನ ನರವೇ ಒಣಗುತ್ತಿದೆಯಂತೆ. ಹೋದದ್ದು ಮತ್ತೆ ಬರುವುದಿಲ್ಲ, ಉಳಿದದ್ದು ಈ ವರ್ಷ ದಾಟಿದರೆ ಹೆಚ್ಚು ಎಂದರು ಡಾಕ್ಟರು.

ನಿನ್ನ ಮಗಳ ಸ್ಟುಡಿಯೋಗೆ ಯಾವ ವರ್ಕ್‌ಸ್ಟೇಷನ್ ಕಂಪ್ಯೂಟರ್ ತರಬೇಕೆಂದು ಕೇಳಿದ್ದೆಯಲ್ಲ, ಹೋದ ತಿಂಗಳು ನಮ್ಮ ಮನೆಯಲ್ಲೂ ಅದೇ ಪಂಚಾಯಿತಿ. ಚಿಕ್ಕ ಮಾಡೆಲ್ ಮೇಜಿನ ಮೂಲೆಯಲ್ಲಿ ಸದ್ದಿಲ್ಲದೆ ಕೂರುತ್ತದೆ, ಆದರೆ ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದೇ ಹಿಡಿಯುತ್ತದೆ. ಮೆಮೊರಿಯನ್ನೂ ಆಮೇಲೆ ಹೆಚ್ಚಿಸುವಂತಿಲ್ಲ. ದೊಡ್ಡದರಲ್ಲಿ ನಾಲ್ಕು ಖಾಲಿ ಸ್ಲಾಟು, ಡಿಸ್ಕಿಗೆ ಬೇಕಾದಷ್ಟು ಜಾಗ. ಎರಡನೆಯ ಕಾರ್ಡ್ ಕೂರಿಸಿದರೆ ಒಂದೇ ಯಂತ್ರದಲ್ಲಿ ಇಬ್ಬರು ಎರಡು ಪರದೆಯ ಮುಂದೆ ಕೂತು ಕೆಲಸ ಮಾಡಬಹುದು. ಕಟ್ಟಡ ಏಳುವ ಮೊದಲೇ ಅದರ ಒಳಗನ್ನು ಚಿತ್ರ ಮಾಡಿ ತೋರಿಸುವ ನಮ್ಮಂಥ ಗಂಡಹೆಂಡತಿಗೆ ಇನ್ನೇನು ಬೇಕು? ಅವರು ಮಾತ್ರ, "ಚಿಕ್ಕದೇ ಸಾಕು ಕಣೇ" ಎಂದು ಹಟ ಹಿಡಿದರು. ಯಾಕೆ ಎಂದರೆ ಮಾತು ಬೇರೆ ಕಡೆ ತಿರುಗಿಸಿದರು. ನಾನು ಬಿಡುವವಳೇ? ದೊಡ್ಡದೇ ಬಂತು.

ಈಗ ಎರಡನೆಯ ಪರದೆಯ ಮುಂದೆ ಅವರು ಕೂರುತ್ತಾರೆ. ನಿನ್ನೆ ಚಿತ್ರದ ಗೋಡೆಯೊಂದಕ್ಕೆ ಬಣ್ಣ ಹಾಕಿ, "ನೋಡೇ, ಈ ತಿಳಿ ಹಳದಿ ಹೇಗಿದೆ?" ಎಂದರು. ಗೋಡೆ ಬೂದು ಬಣ್ಣದ್ದಾಗಿತ್ತು. "ಚೆನ್ನಾಗಿದೆ ರೀ" ಎಂದೆ. ಅವರು ಎದ್ದು ಹೋದ ಮೇಲೆ ಬದಲಾಯಿಸಿದೆ. ನನಗೆ ಭಯವಾಗುತ್ತದೆ ಅಕ್ಕಾ, ಅಳುವುದಕ್ಕೂ ಪುರುಸೊತ್ತಿಲ್ಲ.

ಮಗಳು ಒಬ್ಬಳೇ ಆದರೆ ಚಿಕ್ಕದು ತರಲಿ, ಜೊತೆಗೆ ಇನ್ನೊಬ್ಬರಿದ್ದರೆ ದೊಡ್ಡದು. ಪವರ್ ಸಪ್ಲೈ ಎರಡು ಕಾರ್ಡಿಗೂ ಸಾಲುತ್ತದೆಯೇ ಎಂದು ಮೊದಲೇ ಕೇಳಲಿ. ನಾವು ಕೇಳದೆ ಒದ್ದಾಡಿದೆವು. ಹಾಗೆಯೇ ಆರು ತಿಂಗಳಿಗೊಮ್ಮೆ ಕಣ್ಣು ತೋರಿಸಿಕೊಳ್ಳಲಿ. ಅವಳು ನೂರು ಕಾಲ ಚೆನ್ನಾಗಿರಲಿ, ಅವಳ ಕೈಗೆ ಕೆಲಸ ತಪ್ಪದಿರಲಿ.

ನಿನ್ನ,
ಪುಟ್ಟಿ

ತಾ.ಕ.: ಒಂದು ಮಾತು ನುಂಗಿಕೊಂಡಿದ್ದೆ, ಆಗುತ್ತಿಲ್ಲ. ಎರಡು ಮಾಡೆಲ್‌ಗಳನ್ನೂ ಹೋಲಿಸಿ ಅವರೊಂದು ಪಟ್ಟಿ ಬರೆದಿದ್ದರು. 'ಕೆಲಸ ಮಾಡುವವರು' ಎಂಬ ಕಡೆ 'ಒಬ್ಬರು' ಎಂದಿತ್ತು. ನಾನು ಅಂಗಡಿಯವನ ಎದುರಿಗೇ ಅದನ್ನು ಅವರ ಮುಖಕ್ಕೆ ಹಿಡಿದು, "ಕಣ್ಣು ಕಾಣಿಸಲ್ವಾ ನಿಮಗೆ? ನಾವಿಬ್ರು ಇಲ್ವಾ?" ಎಂದು ರೇಗಿದೆ. ಆಸ್ಪತ್ರೆ ಚೀಟಿಯ ತಾರೀಖು ಮೊನ್ನೆ ನೋಡಿದೆ. ನಾವು ಅಂಗಡಿಗೆ ಹೋದ ದಿನಕ್ಕೆ ಅವರಿಗೆ ಕಣ್ಣಿನ ವಿಷಯ ಗೊತ್ತಾಗಿ ಆಗಲೇ ಎರಡು ವಾರವಾಗಿತ್ತು. ಅಂಗಡಿಯಲ್ಲಿ ಅವರು, "ಹೌದು ಕಣೇ, ಕಾಣಿಸ್ಲಿಲ್ಲ" ಎಂದು ನಕ್ಕು, ಪೆನ್ನಿಗಾಗಿ ಜೇಬು ತಡಕಿ, 'ಇಬ್ಬರು' ಎಂದು ತಿದ್ದಿದರು.