ಊಟದ ಸೈರನ್

ಬಿಟಿಎಂ ಲೇಔಟ್, ಬೆಂಗಳೂರು

ಸುರಕ್ಷತಾ ಅಧಿಕಾರಿ ಚಿದಾನಂದ್ ಸಾರ್ ಅವರಿಗೆ ನಮಸ್ಕಾರ.

ಜಯನಗರದಲ್ಲಿರುವ ನಿಮ್ಮ ಗಣಿ ಕಂಪನಿಯ ಆಫೀಸಿಗೆ ಎಷ್ಟೋ ಸಲ ಬಂದೆ. "ಸಾರ್ ಮೀಟಿಂಗಲ್ಲಿದ್ದಾರೆ, ಏನಿದ್ರೂ ಬರ್ದು ಕೊಟ್ಟು ಹೋಗಿ ಮೇಡಂ" ಎಂದರು ಅಲ್ಲಿನವರು. ಬರೆದಿದ್ದೇನೆ.

ಅದಿರು ತೊಳೆದ ಕೆಸರನ್ನು ನೀವು ನಿಲ್ಲಿಸಿರುವ ಕಟ್ಟೆಯ ಕೆಳಗೇ ನಮ್ಮೂರು. ಕಟ್ಟೆ ಒಡೆಯುವಂತಾದರೆ ಸೈರನ್ ಕೂಗುತ್ತದೆ, ಕೂಡಲೇ ಗುಡ್ಡ ಹತ್ತಿ ಎಂದು ನಿಮ್ಮವರು ಹೇಳಿಹೋಗಿದ್ದಾರೆ. ಆದರೆ ಸೈರನ್ ಕೆಟ್ಟಿಲ್ಲ ತಾನೇ ಎಂದು ನೋಡಲು ದಿನಾ ಮಧ್ಯಾಹ್ನ ಕೂಗಿಸುತ್ತೀರಿ. ಈಗ ಊರಿನವರೆಲ್ಲ ಅದನ್ನು ಕೇಳಿಯೇ ಊಟಕ್ಕೆ ಕೂರುತ್ತಾರೆ. ಹೊಲದಲ್ಲಿದ್ದವರೂ ಬುತ್ತಿ ಬಿಚ್ಚುತ್ತಾರೆ.

ಮೊನ್ನೆ ಮಳೆಗೆ ಕಟ್ಟೆ ಬಿರುಕು ಬಿಟ್ಟು ಸಂಜೆ ಸೈರನ್ ಕೂಗಿತಲ್ಲ, ಆಗ ನಾನು ಅವ್ವನ ಜೊತೆ ಫೋನಿನಲ್ಲಿದ್ದೆ, ನನಗೂ ಕೇಳಿಸಿತು. "ಗುಡ್ಡ ಹತ್ತಬೇ ಅವ್ವಾ" ಎಂದು ಇಲ್ಲಿ ರಸ್ತೆಯಲ್ಲಿ ನಿಂತು ಕಿರುಚಿದೆ. ಅವಳು ನಕ್ಕಳು. "ಮಧ್ಯಾಹ್ನ ಕರೆಂಟ್ ಇದ್ದಿಲ್ಲ, ಅದಕ್ಕ ಈಗ ಕೂಗಿಸ್ಯಾರ. ನಂದು ಊಟ ಆಗೇತಿ" ಎಂದಳು. ಊರಲ್ಲಿ ಒಬ್ಬರೂ ಮನೆ ಬಿಟ್ಟು ಕದಲಲಿಲ್ಲ. ಕಟ್ಟೆ ಒಡೆಯದೆ ನಿಂತಿತು, ಎಲ್ಲರೂ ಉಳಿದರು.

ದಯವಿಟ್ಟು ದಿನಾ ಕೂಗಿಸಬೇಡಿ. ತಿಂಗಳಿಗೊಮ್ಮೆ, ಮೊದಲೇ ಡಂಗುರ ಹೊಡೆಸಿ ಕೂಗಿಸಿ. ಅವತ್ತು ಜನರನ್ನು ಗುಡ್ಡ ಹತ್ತಿಸಿ ಅಭ್ಯಾಸ ಮಾಡಿಸಿ. ನನ್ನ ಮಾತು ಅವರು ಕೇಳುವುದಿಲ್ಲ.

ಈ ಪತ್ರದ ವಿಷಯ ಅವ್ವನಿಗೂ ಹೇಳಿದೆ. ಅವಳದ್ದೂ ಒಂದು ಕೋರಿಕೆಯಿದೆ, ಬರೆಯದಿದ್ದರೆ ಬೈಯುತ್ತಾಳೆ: "ನಿಲ್ಲಿಸಬ್ಯಾಡ್ರಿ ಸಾಹೇಬ್ರ, ಊಟದ ಹೊತ್ತು ನಮಗ ಹೆಂಗ ಗೊತ್ತಾಗಬೇಕು?"

ಇಂತಿ,
ನಿಮ್ಮ ಕಟ್ಟೆಯ ಕೆಳಗಿನ ಕೆಂಚವ್ವನ ಮಗಳು
ಭಾಗ್ಯಜ್ಯೋತಿ