ಗವರ್ನರ್ ಬರೆದ ಅರ್ಜಿ

ಗವರ್ನರ್ ಬಂಗಲೆ, ಪೋರ್ಟ್ ಹಾಲ್ಡನ್
14 ಮಾರ್ಚ್ 1927

ಮುದ್ದು ಹೆಸ್ಟರ್,

ಕ್ಷೇಮವಷ್ಟೆ? ಇಲ್ಲಿಗೆ ಹಡಗು ಬರುವುದೇ ತಿಂಗಳಿಗೊಮ್ಮೆ ಎಂದು ನೆಪ ಹೇಳಬಹುದಿತ್ತು. ಆದರೆ ಎರಡು ಹಡಗು ಬಂದು ಹೋದವು, ನಾನೇ ಬರೆಯಲಿಲ್ಲ. ಮನ್ನಿಸು.

ನಿನ್ನ ಮದುವೆಯ ಸುದ್ದಿ ಮಿಲಿಸೆಂಟ್ ಅತ್ತೆಯ ಕಾಗದದಿಂದ ತಿಳಿಯಿತು. ಹುಡುಗ ಶಾಲಾ ಮಾಸ್ತರಂತೆ, ಮಾತು ಕಡಿಮೆಯಂತೆ, ಒಳ್ಳೆಯದೇ ಆಯಿತು. ಇಗರ್ಜಿಯಲ್ಲಿ ಅಪ್ಪನ ಜಾಗದಲ್ಲಿ ನಿನ್ನ ಕೈ ಹಿಡಿದು ನಡೆಸಿಕೊಂಡು ಹೋಗಲು ಲಯೋನೆಲ್ ಮಾವನನ್ನು ಕೇಳಿದ್ದೀಯಂತೆ. ಐದನೇ ವಯಸ್ಸಿನಿಂದ ಸಾಕಿದವನು, ಹಕ್ಕು ಅವನದೇ. ಆದರೂ ಆ ಸಾಲನ್ನು ನಾಲ್ಕು ಸಲ ಓದಿದೆ.

ನಿನ್ನಮ್ಮ ಲಾಗೋಸಿನಲ್ಲಿ ಜ್ವರದಿಂದ ತೀರಿಕೊಂಡಾಗ ನಿನ್ನನ್ನು ಅವರ ಮನೆಗೆ ಕಳಿಸಿದೆ. ಎರಡೇ ವರ್ಷ ಎಂದುಕೊಂಡಿದ್ದೆ. ಆಮೇಲೆ ಬಾರ್ಬಡೋಸ್, ಫಿಜಿ, ಈಗ ಈ ದ್ವೀಪ. ಪ್ರತಿ ವರ್ಗಾವಣೆಗೂ ಪದವಿ ದೊಡ್ಡದಾಯಿತು, ಟೋಪಿಯ ಗರಿ ಉದ್ದವಾಯಿತು. ನಾನು ಕ್ಲಬ್ಬಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ಇಸ್ಪೀಟಿನಲ್ಲಿ ಬೇಕೆಂದೇ ಸೋಲುತ್ತಾರೆ. ಮೊನ್ನೆ ಹೊರಟಾಗ ಬಟ್ಲರ್ ಕ್ಯಾಲಿಸ್ಟ್ ನನಗೆ ಕೋಟು ತೊಡಿಸುತ್ತಾ, "ಹೋಗ್ಲೇಬೇಕಾ ದೊರೆ? ನೀವು ಹೋದ್ರೆ ಅವ್ರ ಬಾಯಿಗೆ ಬೀಗ ಬೀಳುತ್ತೆ. ಪಾಪ, ವಾರಕ್ಕೊಂದಿನ ಆದ್ರೂ ನಗ್ಲಿ ಬಿಡಿ" ಎಂದ. ಕೋಟು ಕಳಚಿ, ಇಪ್ಪತ್ತು ಕುರ್ಚಿಯ ಮೇಜಿನಲ್ಲಿ ಒಬ್ಬನೇ ಊಟ ಮಾಡಿದೆ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ನನಗಂತೂ ಆಗಲಿಲ್ಲ.

ಜೂನ್‌ನಲ್ಲಿ ನನಗೆ ನಿವೃತ್ತಿ, ಆಗಸ್ಟ್‌ನಲ್ಲಿ ನಿನ್ನ ಮದುವೆ. ಜೀವಮಾನವೆಲ್ಲ ಅರ್ಜಿ ತೆಗೆದುಕೊಂಡವನಿಗೆ ಬರೆಯುವುದು ಗೊತ್ತಿಲ್ಲ. ನಿನ್ನ ಕೈ ಹಿಡಿದು ನಾನು ನಡೆಯಬಹುದೇ? ಬೇಡವೆಂದರೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಬೇಸರಪಡುವುದಿಲ್ಲ.

ನೀವಿಬ್ಬರೂ ನೂರ್ಕಾಲ ನಗುತ್ತಾ ಬಾಳಿ.

ನಿನ್ನ ಅಪ್ಪ,
ಹ್ಯೂಬರ್ಟ್ ಪೆನ್ರೋಸ್

ಮತ್ತೊಂದು ಮಾತು: ಹೋದ ವರ್ಷ ರಾಜರ ಹುಟ್ಟುಹಬ್ಬದ ಔತಣದ ದಿನ ನಿನ್ನ ಹಡಗು ಹೇಳಿದ್ದಕ್ಕಿಂತ ಮೊದಲೇ ಬಂದಿತ್ತು. ನನ್ನನ್ನು ಅಚ್ಚರಿಗೊಳಿಸಲೆಂದು ನೀನು ನೇರವಾಗಿ ಬಂದು ಅತಿಥಿಗಳ ಸಾಲಿನಲ್ಲಿ ನಿಂತೆ. ಬಂದವರ ಹೆಸರನ್ನು ನನ್ನ ಕಿವಿಯಲ್ಲಿ ಹೇಳುವ ಕಾರ್ಯದರ್ಶಿಗೆ ನಿನ್ನ ಗುರುತಿರಲಿಲ್ಲ, ಸುಮ್ಮನಾದ. ನಾನು ನಿನ್ನ ಕೈ ಕುಲುಕಿ, ಎಲ್ಲರಿಗೂ ಹೇಳುವುದನ್ನೇ ಹೇಳಿದೆ: "ಬಂದಿದ್ದು ತುಂಬಾ ಸಂತೋಷ. ನಮ್ಮ ದ್ವೀಪ ಹಿಡಿಸ್ತಾ?" ನೀನು, "ಈಗ ತಾನೇ ಬಂದೆ, ಸರ್" ಎಂದೆ. ಆಗಲೂ ಗುರುತು ಹತ್ತದೆ ನಾನು ಮುಂದಿನವರಿಗೆ ಕೈ ಚಾಚಿದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದು ಆಮೇಲೆ ನಿನಗೆ ಹೇಳಿದೆನಲ್ಲ. ಆ ದಿನ ಬಿಸಿಲೇ ಇರಲಿಲ್ಲ, ಹೆಸ್ಟರ್. ನಿನ್ನ ಮುಖವನ್ನು ನಾನು ಚೆನ್ನಾಗಿಯೇ ನೋಡಿದ್ದೆ.