ಮೊಟ್ಟೆ ಸಾಲು, ಬಾಳೆಹಣ್ಣಿನ ಸಾಲು

ಗುಬ್ಬಿ,
ಮಂಗಳವಾರ

ಚಿ. ಸೌ. ಪ್ರಮೀಳಾಳಿಗೆ ನಿನ್ನ ದೊಡ್ಡಪ್ಪ ಪುಟ್ಟರಂಗಯ್ಯನ ಆಶೀರ್ವಾದ.

ಎಲ್ಲರೂ ಹೇಗಿದ್ದೀರಿ? ಅಳಿಯಂದಿರು ಶಿವಮೂರ್ತಿಯವರ ಸೊಂಟನೋವು ಇಳಿಯಿತೇ? ಬೈಕಿನಲ್ಲಿ ಹುಲಿಯೂರುದುರ್ಗಕ್ಕೆ ದಿನಾ ಓಡಾಡುವುದನ್ನು ಸ್ವಲ್ಪ ದಿನ ಬಿಟ್ಟು ಬಸ್ಸಿಗೆ ಹೋಗಲು ಹೇಳು. ನಿನ್ನ ಮಗಳು ನಂದಿತಾ ಊಟ ಮಾಡುತ್ತಿದ್ದಾಳೆಯೇ? ಇದೊಂದನ್ನು ಮಾತ್ರ ವಾಡಿಕೆಗೆ ಕೇಳುತ್ತಿಲ್ಲ. ಇಲ್ಲಿ ನಿನ್ನ ದೊಡ್ಡಮ್ಮ ಸುಬ್ಬಲಕ್ಷ್ಮಮ್ಮನಿಗೆ ಶುಗರ್ ಹತೋಟಿಯಲ್ಲಿದೆ, ನಾಲಿಗೆ ಹತೋಟಿಯಲ್ಲಿಲ್ಲ. ನಿನ್ನ ತಮ್ಮ ನಾಗೇಶ್ ಚೆನ್ನಾಗಿದ್ದಾನೆ. ನಾಳೆ ಕುಣಿಗಲ್ ಕಡೆಗೆ ಕಾಯಿ ಲೋಡ್ ತರುತ್ತಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು "ಹೂಂ ದೊಡ್ಡಪ್ಪ, ಆಯ್ತು ದೊಡ್ಡಪ್ಪ" ಅಂದು ಇಟ್ಟುಬಿಡುತ್ತೀಯ. ಕಾಗದವನ್ನು ಕೊನೆಯ ತನಕ ಓದಲೇಬೇಕಾಗುತ್ತದೆ. ಕೋಪದಿಂದ ಬರೆಯಬಾರದೆಂದು ಮೂರು ದಿನ ತಡೆದುಕೊಂಡೆ. ಕೋಪ ಇಳಿದಿದೆ, ಹೆದರಿಕೆ ಹೋಗಿಲ್ಲ.

ನಿನ್ನ ಬೇಸಿಗೆ ಶಿಬಿರಕ್ಕೆ ಕೋಲಾಟ ಕಲಿಸಲು ಬಾ ಎಂದು ನೀನು ಕರೆದಾಗ ನಾನು ಎಷ್ಟು ಹಿಗ್ಗಿದೆ ಎಂದು ದೊಡ್ಡಮ್ಮನನ್ನು ಕೇಳು. ಬಗನಿ ಮರದ ಕೋಲುಗಳಿಗೆ ಎಣ್ಣೆ ಸವರಿ ಒಣಗಿಸಿದೆ. ಜಡೆ ಕೋಲಾಟಕ್ಕೆಂದು ದೊಡ್ಡಮ್ಮ ತನ್ನ ಹಳೆಯ ಸೀರೆಗಳನ್ನು ಸೀಳಿ ಬಣ್ಣಬಣ್ಣದ ಹಗ್ಗ ಹೊಸೆದುಕೊಟ್ಟಳು. ಕುಣಿಗಲ್ಲಿಗೆ ಬಂದು ನೋಡಿದರೆ ನಿನ್ನ ಶಿಬಿರ ನಡೆಯುವ ಭವನದ ತುಂಬ ಮಕ್ಕಳು. ಬಡಾವಣೆಯ ಮಕ್ಕಳು, ಕಾಲೋನಿಯ ಮಕ್ಕಳು, ಮಸೀದಿ ಬೀದಿಯ ಮಕ್ಕಳು. ಫೀಸು ಕೊಡಲಾರದವರನ್ನು ನೀನೇ ಮನೆಮನೆಗೆ ಹೋಗಿ ಕರೆದುಕೊಂಡು ಬಂದಿದ್ದೆ ಎಂದು ಅಡುಗೆಯ ಓಬಳಯ್ಯ ಹೇಳಿದ. ಹಸಿದು ಬರುವ ಮಕ್ಕಳಿಗೆಂದು ಬೆಳಿಗ್ಗೆ ಆಟದ ನಡುವೆ ಮೊಟ್ಟೆ ಕೊಡಿಸಿದವಳೂ ನೀನೇ. ನಿನ್ನ ಮನಸ್ಸು ಒಳ್ಳೆಯದೆಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಆಮೇಲೆ ನೀನು ಎರಡು ಸಾಲು ಮಾಡಿದೆ. ಮೊಟ್ಟೆ ತಿನ್ನುವವರದ್ದು ಒಂದು, ಬಾಳೆಹಣ್ಣಿನವರದ್ದು ಒಂದು. ಅಂಗನವಾಡಿಯಲ್ಲೂ ಸ್ಕೂಲಲ್ಲೂ ಹಾಗೇ ನಡೆಯುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ ಅಂದೆ. ಬಾಳೆಹಣ್ಣಿನವರು ಫ್ಯಾನಿನ ಕೆಳಗೆ ಒಳಗಡೆ ಕೂತರು. ಮೊಟ್ಟೆಯವರು ಹೊರಗೆ ನಲ್ಲಿಯ ಕಟ್ಟೆಯ ಹತ್ತಿರ ಕೂತರು, ಸಿಪ್ಪೆ ಬೀಳುತ್ತದಲ್ಲ ಎಂಬ ನೆಪಕ್ಕೆ. ನನಗೂ ಮೊದಲು ಅದು ತಪ್ಪೆನಿಸಲಿಲ್ಲ. ಒಂದು ಬೆಳಿಗ್ಗೆ ಸಿದ್ಧಾರ್ಥ್ ಎಂಬ ಹುಡುಗನಿಗೆ ಕೋಲು ಕೊಟ್ಟರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.

"ಇದು ಬೇಡ ತಾತ. ಇದು ಮೊಟ್ಟೆಯವರ ಕೋಲು."

"ಕೋಲಿಗೆ ಮೊಟ್ಟೆ ಯಾರೋ ತಿನ್ಸಿದ್ದು?" ಅಂದೆ. ಸುತ್ತ ಇದ್ದವರು ನಕ್ಕರು. ಅವನು ನಗಲಿಲ್ಲ. ಪಂಚೆಯ ತುದಿಯಿಂದ ಒರೆಸಿಕೊಟ್ಟ ಮೇಲೆಯೇ ಮುಟ್ಟಿದ. ಎಂಟು ವರ್ಷದ ಮಗುವಿಗೆ ಅದನ್ನು ಯಾರೂ ಕೂರಿಸಿಕೊಂಡು ಕಲಿಸಿರಲಿಕ್ಕಿಲ್ಲ. ಯಾರು ಎಲ್ಲಿ ಕೂರುತ್ತಾರೆ ಎಂದು ನೋಡಿದ, ಕಲಿತ.

ಇನ್ನು ಅರ್ಜೂ ವಿಷಯ. ಬ್ಯಾಟರಿ ಅಂಗಡಿ ಮನ್ಸೂರ್ ಅಲಿಯವರ ಮಗಳು. ಆ ಹುಡುಗಿಗೆ ಮೊಟ್ಟೆಯ ವಾಸನೆಯೇ ಆಗುವುದಿಲ್ಲ, ಪ್ರಮೀಳಾ. ನಿನಗೆ ಗೊತ್ತಿತ್ತೇ? ಎರಡನೆಯ ದಿನವೇ ಓಬಳಯ್ಯನ ಹತ್ತಿರ ಹೋಗಿ ಬಾಳೆಹಣ್ಣು ಕೇಳಿದ್ದಳು. ನಾನು ಅಲ್ಲೇ ನೀರು ಕುಡಿಯುತ್ತಿದ್ದೆ.

"ಯಾಕವ್ವಾ, ನಿಮ್ಮನೇಲಿ ಮೊಟ್ಟೆ ತಿನ್ನಾಕಿಲ್ವಾ?"

"ತಿಂತಾರೆ. ನಂಗೆ ಸೇರಲ್ಲ."

"ಹಂಗಂದ್ರೆ ಆಯ್ತದಾ? ನಿಂದು ಆ ಸಾಲು ಕಣವ್ವಾ. ಲಿಸ್ಟಲ್ಲಿ ಮೇಡಮ್ಮು ಅಂಗೇ ಬರ್ದವ್ರೆ."

ಓಬಳಯ್ಯ ಕೆಟ್ಟವನಲ್ಲ, ಹೇಳಿದಂತೆ ಮಾಡುವವನು. ಹಾಗಾದರೆ ಆ ಸಾಲು ಏನು ತಿನ್ನುತ್ತಾರೆಂದು ನೋಡಿ ಮಾಡಿದ್ದಲ್ಲ, ಯಾವ ಬೀದಿಯಿಂದ ಬಂದರೆಂದು ನೋಡಿ ಮಾಡಿದ್ದು. ಇಲ್ಲವೆನ್ನಬೇಡ. ನಿನ್ನ ಮಗಳನ್ನೇ ನೋಡು. ನಮ್ಮ ಮನೆಯಲ್ಲಿ ಯಾವ ಕಾಲಕ್ಕೆ ಮೊಟ್ಟೆ ಬಿಟ್ಟಿದ್ದೆವು? ಭಾನುವಾರ ಕೋಳಿ ಸಾರಿನಲ್ಲಿ ಈರಲಿನ ತುಂಡು ಯಾರಿಗೆ ಎಂದು ನೀನೂ ನಾಗೇಶನೂ ಜಗಳವಾಡಿದವರು. ನಂದಿತಾಗೆ ಮೊಟ್ಟೆ ಎಂದರೆ ಪ್ರಾಣ. ಅವಳನ್ನು ನೀನು ಬಾಳೆಹಣ್ಣಿನ ಸಾಲಿನಲ್ಲಿ ಕೂರಿಸಿದೆ. ಭವನ ಕೊಡಿಸಿದ ರವಿಕಿರಣ್ ಅವರ ಮಗ ಸಿದ್ಧಾರ್ಥನ ಪಕ್ಕದಲ್ಲಿ.

ಈಗ ಹೇಳುವುದನ್ನು ನಿಧಾನವಾಗಿ ಓದು. ಕಳೆದ ಗುರುವಾರ ಅಂಗಳದ ಹೊಂಗೆ ಮರಕ್ಕೆ ಹಗ್ಗ ಕಟ್ಟಿ ಕೋಲಾಟ ನಡೆಯುತ್ತಿತ್ತು. ಮಕ್ಕಳನ್ನು ನಾನು ಸಾಲು ನೋಡದೆ ಬೆರೆಸಿ ನಿಲ್ಲಿಸಿದ್ದೆ. ಜಡೆ ಕೋಲಾಟದಲ್ಲಿ ಒಬ್ಬರು ಒಳಗೆ ನುಗ್ಗಿದರೆ ಪಕ್ಕದವರು ಹೊರಗೆ ಹೋಗಬೇಕು, ಹಾಗೆಯೇ ಮೇಲಿನ ಹಗ್ಗ ಜಡೆಯಾಗುತ್ತದೆ. ಬಿಚ್ಚುವಾಗ ಅದೇ ಮಕ್ಕಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಜಡೆ ಅರ್ಧ ಹೆಣೆದಿತ್ತು. ನೀನು ಬಿರಬಿರನೆ ಬಂದೆ, ಹಿಂದೆ ಸಿದ್ಧಾರ್ಥನ ತಾಯಿ. ಅರ್ಜೂಳ ರಟ್ಟೆ ಹಿಡಿದು ಹೊರಗೆ ಎಳೆದೆ. ನಲ್ಲಿಯ ಹತ್ತಿರ ಅವಳು ನಂದಿತಾಗೆ ಮೊಟ್ಟೆ ತಿನ್ನಿಸುತ್ತಿದ್ದುದನ್ನು ಆಕೆ ನೋಡಿದ್ದರು.

ನೀನು ಅಂದ ಮಾತನ್ನು ನೀನು ಮರೆತಿರಬಹುದು. ಅಲ್ಲಿದ್ದ ಒಂದು ಮಗುವೂ ಮರೆಯುವುದಿಲ್ಲ. "ನಿಮ್ಮಂಥೋರನ್ನ ಸೇರಿಸ್ಕೊಂಡಿದ್ದೇ ತಪ್ಪಾಯ್ತು. ಕೊಟ್ಟಿದ್ದು ತಿನ್ಕೊಂಡು ಸುಮ್ನಿರಕ್ಕಾಗಲ್ವಾ?"

ಅರ್ಜೂ ಅಳಲಿಲ್ಲ. ನಂದಿತಾಳ ಕಡೆ ಒಮ್ಮೆ ನೋಡಿದಳು. ನಂದಿತಾ ನೆಲ ನೋಡುತ್ತಿದ್ದಳು. ಆ ಹುಡುಗಿ ಹಗ್ಗ ಬಿಟ್ಟು, ಕೋಲನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಅಂದು ಸಂಜೆ ನೀನು ಬಂದು, ಮುಂದಿನ ವಾರ ಭಾನುವಾರದ ಸಮಾರೋಪಕ್ಕೆ ಎರಡು ಜಡೆ ಕಟ್ಟಿ ದೊಡ್ಡಪ್ಪ, ಅವರದ್ದೊಂದು ಇವರದ್ದೊಂದು ಅಂದೆ. ಮೊಟ್ಟೆಯವರಲ್ಲಿ ಜೋಡಿ ಕೂಡುವುದಿಲ್ಲವಲ್ಲ, ಏಳು ಜನ ಇದ್ದಾರೆ ಎಂದರೆ ನೀನು ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ. "ಅರ್ಜೂ ಬರಲ್ವಲ್ಲ, ಆರಾಯ್ತು. ಸರಿಹೋಯ್ತು ಬಿಡಿ."

ಮಾರನೆಯ ಬೆಳಿಗ್ಗೆ, ಅಲ್ಲಿರಲು ಮನಸ್ಸಾಗದೆ ನಾನು ಊರಿಗೆ ಹೊರಡಲು ಚೀಲ ಕಟ್ಟುತ್ತಿದ್ದಾಗ ನಂದಿತಾ ಬಂದು ಬಾಗಿಲಿಗೆ ಒರಗಿ ನಿಂತಳು. "ತಾತ, ಮೊಟ್ಟೆ ನಾನೇ ಕೇಳಿದ್ದು. ದಿನಾ ನಾನೇ ಕೇಳ್ತಿದ್ದೆ. ನನ್ನ ಬಾಳೆಹಣ್ಣು ಅವಳಿಗೆ ಕೊಡ್ತಿದ್ದೆ."

"ಅಮ್ಮಂಗೆ ಹೇಳಲ್ವೇನವ್ವಾ?"

"ಹೇಳಿದ್ರೆ ನನ್ನನ್ನೂ ಎಲ್ರೆದುರಿಗೆ ಬೈತಾಳೆ."

ನನ್ನ ಹೆದರಿಕೆ ಇದೇ, ಪ್ರಮೀಳಾ. ತಾನು ಸುಮ್ಮನಿದ್ದರೆ ಬೈಗುಳ ಅರ್ಜೂಳ ಬೀದಿಗೆ ಹೋಗುತ್ತದೆ, ತನ್ನ ಮನೆಗೆ ಬರುವುದಿಲ್ಲ ಎಂದು ನಿನ್ನ ಮಗಳು ಕಲಿತುಬಿಟ್ಟಿದ್ದಾಳೆ. ಅದು ಅವಳಿಗೆ ಇನ್ನೂ ಚುಚ್ಚುತ್ತಿದೆ, ಊಟ ಸೇರುತ್ತಿಲ್ಲ ಎಂದು ನನ್ನ ಹತ್ತಿರ ಅಂದದ್ದೂ ಅದಕ್ಕೇ. ಚುಚ್ಚುವುದು ನಿಂತು ಅಭ್ಯಾಸವಾಗಿಬಿಟ್ಟರೆ ನೀನೂ ನಾನೂ ಆಮೇಲೆ ಎಷ್ಟು ಹೇಳಿದರೂ ಆಗದು. ಇದನ್ನೆಲ್ಲ ನಿನಗೆ ಬರೆಯುತ್ತೇನೆ ಎಂದು ನಿನ್ನೆ ಅವಳಿಗೆ ಫೋನಿನಲ್ಲಿ ಹೇಳಿದೆ. "ಬರಿ ತಾತ" ಅಂದಳು. ಅವಳ ಮೇಲೆ ಕೈ ಮಾಡಬೇಡ.

ಶುಕ್ರವಾರ ನಾನು ನೇರವಾಗಿ ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಮನ್ಸೂರ್ ಅಲಿಯವರ ಮನೆ ಕೇಳಿಕೊಂಡು ಹೋದೆ. ಅವರ ತಾಯಿ ಮಸ್ತಾನ್ ಬೀ ಚಾಪೆ ಹಾಸಿ ಕೂರಿಸಿದರು, ಟೀ ಕೊಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಪ್ರಮೀಳಮ್ಮ ಒಳ್ಳೇವ್ರು ಅಂತ್ಲೇ ಕಳಿಸಿದ್ದು ಕಣಣ್ಣಾ," ಅಂದರು. "ಮೊಟ್ಟೆ ಕಂಡ್ರೆ ಮೂಗು ಮುಚ್ಕೊಂಡು ಓಡೋ ಮಗು ಇದು. ಇನ್ನೊಬ್ರಿಗೆ ಯಾಕ್ ತಿನ್ಸತ್ತೆ ಅಂತ ಒಂದ್ ಮಾತು ಕೇಳ್ಬೋದಿತ್ತು. ನಾವು ಕೇಳಿದ್ರೂ ಇವ್ಳು ಬಾಯ್ ಬಿಡ್ತಿಲ್ಲ."

ಮನೆಯಲ್ಲೂ ಆ ಹುಡುಗಿ ನಂದಿತಾಳ ಹೆಸರು ಹೇಳಿರಲಿಲ್ಲ. ಒಳಬಾಗಿಲಲ್ಲಿ ನಿಂತಿದ್ದವಳು ನನ್ನನ್ನು ಕೇಳಿದ್ದು ಒಂದೇ ಮಾತು. "ತಾತ, ಜಡೆ ಬಿಚ್ಚಿದ್ರಾ?"

ಇಲ್ಲ ಎಂದೆ. ಇಲ್ಲವೆಂದೇ ಅನ್ನಬೇಕಾಗಿತ್ತು, ಅದಿನ್ನೂ ಹೊಂಗೆ ಮರಕ್ಕೆ ಸಿಕ್ಕುಸಿಕ್ಕಾಗಿ ನೇತಾಡುತ್ತಿತ್ತು. ಮನ್ಸೂರ್ ಬಾಗಿಲ ತನಕ ಬಂದು, "ಕ್ಯಾಂಪಿಗೆ ಹೋಗ್ಬೇಡ ಅಂತ ನಾನಂದಿಲ್ಲ ಸಾರ್. ಅವ್ಳೇ ಒಲ್ಲೆ ಅಂತವ್ಳೆ. ಸ್ಕೂಲಿಗೂ ಒಲ್ಲೆ ಅಂದ್ಬುಟ್ರೆ ಏನ್ ಮಾಡ್ಲಿ, ಅದೊಂದೇ ಚಿಂತೆ ನಂಗೆ" ಅಂದರು. ಕುಣಿಗಲ್ಲಿಂದ ಬಸ್ಸು ಬದಲಿಸುವ ಬಟವಾಡಿಯ ತನಕ ಬಸ್ಸಿನಲ್ಲಿ ನಿಂತೇ ಬಂದೆ, ಸೀಟು ಖಾಲಿಯಾದದ್ದೂ ತಿಳಿಯಲಿಲ್ಲ.

ನಾನು ನಿನ್ನಿಂದ ಕೇಳುವುದು ಇಷ್ಟು. ಬರುವ ಭಾನುವಾರಕ್ಕೆ ಮೊದಲು ನಂದಿತಾಳನ್ನು ಕರೆದುಕೊಂಡು ಅವರ ಮನೆಗೆ ಹೋಗು. ನಿನ್ನ ಮಗಳು ನಡೆದದ್ದನ್ನು ತಾನೇ ಹೇಳಲಿ, ನೀನು ಅಂದದ್ದನ್ನು ನೀನು ವಾಪಸ್ ತೆಗೆದುಕೋ. ಅರ್ಜೂ ಬಂದರೆ ಎಲ್ಲ ಮಕ್ಕಳ ಎದುರಿಗೂ ಇನ್ನೊಮ್ಮೆ ಹೇಳಬೇಕು, ಏಕೆಂದರೆ ಬೈದದ್ದು ಎಲ್ಲರೆದುರಿಗೆ. ಆ ಎರಡು ಸಾಲನ್ನು ತೆಗೆದುಬಿಡು. ಮೊಟ್ಟೆಯ ಬುಟ್ಟಿ, ಹಣ್ಣಿನ ಬುಟ್ಟಿ ಎರಡೂ ಒಂದೇ ಮೇಜಿನ ಮೇಲಿರಲಿ. ಬೇಕಾದ್ದು ತೆಗೆದುಕೊಂಡು ಬೇಕಾದವರ ಪಕ್ಕ ಕೂರಲಿ. ತಿನ್ನದ ಮಗುವಿಗೆ ಯಾರೂ ಬಲವಂತ ಮಾಡುವುದು ಬೇಡ, ತಿನ್ನುವ ಮಗು ಎದ್ದು ಹೊರಗೆ ಹೋಗುವುದೂ ಬೇಡ.

ರವಿಕಿರಣ್ ಭವನದ ಬೀಗದ ಕೈ ಕೇಳಬಹುದು. ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋಗಬಹುದು. ಮುಂದಿನ ಬೇಸಿಗೆಗೆ ಶಿಬಿರವೇ ನಡೆಯದೆ ಹೋಗಬಹುದು. ನೀನು ಇಷ್ಟು ವರ್ಷ ಕಟ್ಟಿದ್ದು ಏನಾಗುತ್ತದೋ ಎಂಬ ಚಿಂತೆ ನನಗೂ ಇದೆ. ಆದರೂ ಕೇಳುತ್ತಿದ್ದೇನೆ. ನೀನು ಹೋಗದಿದ್ದರೆ ಭಾನುವಾರ ತಾಳ ಹಿಡಿಯಲು ನಾನು ಬರುವುದಿಲ್ಲ. ಇದು ಮುನಿಸಲ್ಲ ಮಗಳೇ. ಎರಡು ಜಡೆಗಳ ನಡುವೆ ನಿಂತು ಹಾಡಲು ನನಗೆ ದನಿ ಬರುವುದಿಲ್ಲ, ಅಷ್ಟೇ.

ನಾಗೇಶ್ ನಾಳೆ ಸಂಜೆ ನಿಮ್ಮ ಮನೆಯ ಮುಂದೆ ಗಾಡಿ ನಿಲ್ಲಿಸಿ ಕಾಯುತ್ತಾನೆ. ಎರಡು ಸಾಲು ಬರೆದು ಅವನ ಕೈಯಲ್ಲಿ ಕೊಡು. ಹೋಗುತ್ತೇನೆ ಎಂದು ಬರಿ, ಇಲ್ಲವೇ ಹೋಗುವುದಿಲ್ಲ ಎಂದು ಬರಿ. ಹೋಗುವುದಿಲ್ಲ ಎಂದಾದರೆ ಯಾಕೆ ಎಂಬುದನ್ನು ನಂದಿತಾಳ ಕೈಯಲ್ಲಿ ಬರೆಸು. ದೇವರು ನಿನಗೂ ಅವಳಿಗೂ ಧೈರ್ಯ ಕೊಡಲಿ. ತಡ ಮಾಡಬೇಡ.

ನಿನ್ನ ದಾರಿ ಕಾಯುವ,
ದೊಡ್ಡಪ್ಪ ಪುಟ್ಟರಂಗಯ್ಯ